ಬೋಲ್ಟ್ ಗೂಡಿಗೂ ಬಣ್ಣ ಹೊಡೆದರು

ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿದ ಮೇಲೆ ಸ್ಟೀರಿಂಗ್ ಸಣ್ಣಗೆ ನಡುಗಲು ಶುರುವಾಯಿತು. ಗಾಳಿ ಕಡಿಮೆಯಾಗಿರಬೇಕು ಎಂದುಕೊಂಡು ಇನ್ನೂ ಎರಡು ಕಿಲೋಮೀಟರ್ ಓಡಿಸಿದೆ. ನಡುಕ ಹೆಚ್ಚಾಯಿತು. ಪಕ್ಕಕ್ಕೆ ನಿಲ್ಲಿಸಿ ಮುಂದಿನ ಎಡ ಚಕ್ರದ ಬೋಲ್ಟ್ ಮುಟ್ಟಿದರೆ ಅದು ಸ್ಪ್ಯಾನರ್ ಕೂಡ ಬೇಡದೆ ಬೆರಳಿಗೇ ತಿರುಗಿತು. ಐದರಲ್ಲಿ ಮೂರು ಹಾಗೆಯೇ ಇದ್ದವು. ಕಾರಿನೊಳಗೆ ಹೆಂಡತಿ, ಮಗಳು ಕುಳಿತಿದ್ದರು.

ಕಾರು ಮಾವನವರಿಂದ ಬಂದ 1983ರ ಮರ್ಸಿಡಿಸ್ 240ಡಿ. ಅದರ 14 ಇಂಚಿನ, ಫುಕ್ಸ್ ಕಂಪನಿಯ ಚಕ್ರಗಳು ಎರಕ ಹೊಯ್ದವಲ್ಲ, ಅಲ್ಯೂಮಿನಿಯಂ ಅನ್ನು ಭಾರೀ ಒತ್ತಡದಲ್ಲಿ ಒತ್ತಿ ಮಾಡಿದವು. ಎಂಜಿನ್, ಸೀಟು, ಕ್ರೋಮ್ ಎಂದು ಎರಡು ವರ್ಷ ತಾಳ್ಮೆಯಿಂದ ಕಳೆದವನು ಚಕ್ರಗಳ ವಿಷಯದಲ್ಲಿ ಆತುರಪಟ್ಟೆ. ಹೊಸ ಬಣ್ಣಕ್ಕೆಂದು ಪೀಣ್ಯದ ಒಂದು ಪೌಡರ್ ಕೋಟಿಂಗ್ ಶೆಡ್ಡಿಗೆ ಕೊಟ್ಟೆ; ಬಣ್ಣದ ಒಣ ಪುಡಿ ಹೊಡೆದು ಒವನ್‌ನಲ್ಲಿ ಬೇಯಿಸುವ ಕೆಲಸ ಅದು. ಅಲ್ಲಿ ತೂಗುಹಾಕಿದ್ದವೆಲ್ಲ ಗೇಟು, ಕಿಟಕಿ ಗ್ರಿಲ್, ಬೀರುವಿನ ಬಾಗಿಲು. ಚಕ್ರ ಒಂದೂ ಇರಲಿಲ್ಲ. ಕಣ್ಣಾರೆ ಕಂಡೂ ಕೊಟ್ಟು ಬಂದೆ. "ಕಬ್ಬಿಣವಾದರೇನು, ಅಲ್ಯೂಮಿನಿಯಂ ಆದರೇನು ಸಾರ್, ಪೌಡರ್ ಒಂದೇ" ಎಂದರು ಮಾಲೀಕರು. ಪೌಡರ್ ಒಂದೇ ಇರಬಹುದು, ಅದಕ್ಕೂ ಮುಂಚಿನ ಕೆಲಸ ಒಂದೇ ಅಲ್ಲ.

ಹಳೆಯ ಬಣ್ಣ ತೆಗೆಯಲು ಚಕ್ರಗಳನ್ನು ಬಿಸಿ ಕಾಸ್ಟಿಕ್ ಸೋಡಾ ತೊಟ್ಟಿಯಲ್ಲಿ ಮುಳುಗಿಸಿದ್ದರು. ಕಬ್ಬಿಣ ಅದನ್ನು ತಾಳಿಕೊಳ್ಳುತ್ತದೆ; ಅಲ್ಯೂಮಿನಿಯಂ ನೊರೆಯೆದ್ದು ಕರಗುತ್ತದೆ, ಮೈಮೇಲೆ ಕಪ್ಪು ಮಸಿ ಉಳಿಯುತ್ತದೆ. ಆ ಮಸಿ ಹೋಗಲೆಂದು ಒರಟು ಹರಳುಗಳನ್ನು ಗಾಳಿಯ ರಭಸದಲ್ಲಿ ಎರಚುವ ಗ್ರಿಟ್ ಬ್ಲಾಸ್ಟಿಂಗ್ ಬೇರೆ. ಚಕ್ರದ ಚೂಪು ಅಂಚುಗಳೆಲ್ಲ ಮಳೆಗೆ ನೆನೆದ ಬೆಲ್ಲದಚ್ಚಿನ ಹಾಗೆ ಮೊಂಡಾಗಿದ್ದವು. ಬೆಳ್ಳಿ ಬಣ್ಣದ ಹೊಳಪಿಗೆ ಮರುಳಾದ ನನಗೆ ಅದು ಕಾಣಿಸಲೇ ಇಲ್ಲ.

ಅಂದಗೆಟ್ಟದ್ದಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಈ ಕಾರಿನ ಬೋಲ್ಟ್ ತಲೆಯ ಕೆಳಭಾಗ ಗೋಲಿಯಂತೆ ದುಂಡಗಿರುತ್ತದೆ, ಚಕ್ರದಲ್ಲಿ ಅದಕ್ಕೆ ಸರಿಯಾಗಿ ಕೊರೆದ ಗೂಡಿರುತ್ತದೆ. ಲೋಹಕ್ಕೆ ಲೋಹ ಕೂತರೆ ಮಾತ್ರ ಬಿಗಿ ನಿಲ್ಲುತ್ತದೆ. ಇವರು ಆ ಗೂಡುಗಳನ್ನಾಗಲಿ, ಹಬ್‌ಗೆ, ಅಂದರೆ ಚಕ್ರ ಕೂರುವ ಕಾರಿನ ಭಾಗಕ್ಕೆ, ಆತುಕೊಳ್ಳುವ ಹಿಂಬದಿಯನ್ನಾಗಲಿ ಮುಚ್ಚದೆ ಎಲ್ಲೆಡೆ ಪೌಡರ್ ಹೊಡೆದಿದ್ದರು. ಆ ಪದರ ಕೂದಲೆಳೆಯಷ್ಟು ದಪ್ಪ, ಆದರೆ ಪ್ಲಾಸ್ಟಿಕ್ ಜಾತಿಯದು. ಬೋಲ್ಟಿನ ಒತ್ತಡಕ್ಕೆ, ಬ್ರೇಕಿನ ಬಿಸಿಗೆ ಹಿಸುಕಿ ಹೊರಗೆ ಸರಿಯುತ್ತದೆ. ಸರಿದಷ್ಟೂ ಬೋಲ್ಟ್ ಸಡಿಲ. ನಾನೇ ಬಿಗಿ ಅಳೆಯುವ ಟಾರ್ಕ್ ವ್ರೆಂಚ್ ಹಿಡಿದು 110 ನ್ಯೂಟನ್ ಮೀಟರ್‌ಗೆ ಬಿಗಿದಿದ್ದೆ, ಕ್ಲಿಕ್ ಎಂದೂ ಕೇಳಿತ್ತು. ನಾನು ಬಿಗಿದದ್ದು ಬಣ್ಣವನ್ನು. ವಾರವಿಡೀ ಊರೊಳಗೆ ಓಡಿಸಿಯೂ ಮತ್ತೊಮ್ಮೆ ವ್ರೆಂಚ್ ಹಾಕಿ ನೋಡಲಿಲ್ಲ.

ರಸ್ತೆ ಬದಿಯಲ್ಲಿ ಒಂದು ಬೋಲ್ಟ್ ಬಿಚ್ಚಿದಾಗ ಗೂಡಿನ ಬಾಯಿಯ ಸುತ್ತ ಬೆಳ್ಳಿ ಬಣ್ಣದ ತೆಳು ಸುರುಳಿ ಎದ್ದು ನಿಂತಿತ್ತು. ಉಗುರು ತಾಗಿಸಿದರೆ ಈರುಳ್ಳಿ ಸಿಪ್ಪೆಯಂತೆ ಕಳಚಿ ಕೈಗೆ ಬಂತು.

ಚಕ್ರ ಕೊಡುವ ಮೊದಲು ಕೇಳಿ: ಹಳೆಯ ಬಣ್ಣ ಹೇಗೆ ತೆಗೆಯುತ್ತೀರಿ, ಗೂಡು ಮತ್ತು ಹಿಂಬದಿಗೆ ಏನು ಮುಚ್ಚುತ್ತೀರಿ, ಒವನ್ ಬಿಸಿ ಎಷ್ಟು. ಪೌಡರ್ ಬೇಯಲು ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸಾಕು. ಬಣ್ಣವನ್ನು ಸುಟ್ಟು ತೆಗೆಯುತ್ತೇವೆ ಎಂದರೆ ಚಕ್ರ ಎತ್ತಿಕೊಂಡು ಬಂದುಬಿಡಿ. ಅಷ್ಟು ಬಿಸಿಗೆ ಅಲ್ಯೂಮಿನಿಯಂ ಗಡಸುತನ ಕಳೆದುಕೊಳ್ಳುತ್ತದೆ, ನೋಡಿದರೆ ಗೊತ್ತೂ ಆಗುವುದಿಲ್ಲ. ಎರಕದ ಚಕ್ರವಾದರೆ ಪೌಡರ್‌ಗೆ ಮೊದಲು ಒಮ್ಮೆ ಬರಿದೇ ಕಾಯಿಸಿಕೊಳ್ಳಬೇಕು. ಇಲ್ಲದಿದ್ದರೆ ಲೋಹದ ಸಣ್ಣ ರಂಧ್ರಗಳ ಗಾಳಿ ಹೊರಬಂದು ಬಣ್ಣದ ತುಂಬ ಸೂಜಿ ಚುಚ್ಚಿದಂಥ ತೂತುಗಳಾಗುತ್ತವೆ. ಗೂಡಿಗೆ ಬಣ್ಣ ಬಿದ್ದೇ ಬಿಟ್ಟಿದ್ದರೆ ಗ್ರೈಂಡರ್ ಹಿಡಿಯಬೇಡಿ, ದುಂಡು ಕೆಟ್ಟರೆ ಚಕ್ರವೇ ಹೋಯಿತು.

ಕಾರು ಈಗ ಹಳೆಯ ಉಕ್ಕಿನ ಚಕ್ರಗಳ ಮೇಲೆ ನಿಂತಿದೆ. ಅವಕ್ಕೆ ಗಿಡ್ಡ ಬೋಲ್ಟ್ ಬೇಕು, ಅದಕ್ಕೂ ಅಲೆದಾಯಿತು. ಸೋಡಾ ತಿಂದ, ಸ್ಟೆಪ್ನಿಯೂ ಸೇರಿದ ಆ ಐದು ಚಕ್ರಗಳನ್ನು ಮತ್ತೆ ಹಾಕುವ ಧೈರ್ಯ ನನಗಿಲ್ಲ. ಶೆಡ್ಡಿನ ಮಾಲೀಕರಿಗೆ ಫೋನ್ ಮಾಡಿ ಗೂಡಿನ ವಿಷಯ ಹೇಳಿದೆ. "ಅಲ್ಲಿಗೂ ಪೌಡರ್ ಹೊಡೆದಿದ್ದೇವೆ ಸಾರ್, ಅದಕ್ಕೆ ನಿಮ್ಮ ಹತ್ತಿರ ಒಂದು ರೂಪಾಯಿ ಜಾಸ್ತಿ ತೆಗೆದುಕೊಂಡಿಲ್ಲ" ಎಂದರು.