ಮಕ್ಕಳು, ನಾಯಿ, ಹಿನ್ನೀರು: ಪವನಾ–ಮುಳಶಿಯಲ್ಲಿ ಟೆಂಟೇ, ಕ್ಯಾರವಾನೇ?

ಪುಣೆ-ಮುಂಬಯಿಯ ಕನ್ನಡ ಮನೆಗಳಲ್ಲಿ ಡಿಸೆಂಬರ್ ರಜೆಯ ಮಾತೆದ್ದರೆ ಲೋಣಾವಳದ ಹತ್ತಿರದ ಪವನಾ ಹೆಸರು ಬಂದೇ ಬರುತ್ತದೆ. ಎಲ್ಲರೂ ಅದನ್ನು ಕೆರೆ ಎನ್ನುತ್ತಾರೆ, ಆದರೆ ಅದು ಅಣೆಕಟ್ಟಿನ ಹಿನ್ನೀರು. ಶರಾವತಿ ಹಿನ್ನೀರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ದಂಡೆ ಒಂದು ಕಡೆ ನಿಲ್ಲುವುದಿಲ್ಲ. ಸೆಪ್ಟೆಂಬರಿನಲ್ಲಿ ಹುಲ್ಲಿನ ಅಂಚಿಗೆ ತಾಗಿದ್ದ ನೀರು ಏಪ್ರಿಲ್ ಹೊತ್ತಿಗೆ ಬಹಳ ಕೆಳಗೆ ಇಳಿದಿರುತ್ತದೆ. ನಡುವೆ ಉಳಿಯುವುದು ಕೆಸರು. ಟೆಂಟ್ ವಾಸಿಯೋ ಕ್ಯಾರವಾನ್ ವಾಸಿಯೋ ಎಂಬುದನ್ನು ಮುಕ್ಕಾಲು ಪಾಲು ಈ ಕೆಸರೇ ತೀರ್ಮಾನಿಸುತ್ತದೆ.

ನಾವು ಮೂರು ಬಗೆಯಲ್ಲಿ ತಂಗಿ ನೋಡಿದ್ದೇವೆ: ಕ್ಯಾಂಪಿನವರೇ ಹಾಕಿಕೊಡುವ ಟೆಂಟ್, ಹೊಲದ ಮಾಲೀಕರ ಒಪ್ಪಿಗೆ ಪಡೆದು ಹಾಕಿದ ಸ್ವಂತ ಟೆಂಟ್, ಬಾಡಿಗೆ ಕ್ಯಾರವಾನ್, ಅಂದರೆ ಒಳಗೇ ಮಲಗುವ ಜಾಗ, ಶೌಚಾಲಯ ಇರುವ ಗಾಡಿ. ಜೊತೆಗೆ ಚಿಕ್ಕ ಮಕ್ಕಳು, ಮಧ್ಯಮ ಗಾತ್ರದ ನಾಯಿ.

ಸಿದ್ಧ ಟೆಂಟಿನ ಲೆಕ್ಕ ಸರಳ. ತಲೆಗೆ ಸಾವಿರದಿಂದ ಒಂದೂವರೆ ಸಾವಿರ ರೂಪಾಯಿ, ಮಧ್ಯಾಹ್ನ ಮೂರು-ನಾಲ್ಕಕ್ಕೆ ಹೋದರೆ ಮರುದಿನ ಬೆಳಿಗ್ಗೆ ಹನ್ನೊಂದರೊಳಗೆ ಬಿಡಬೇಕು. ಬಾರ್ಬೆಕ್ಯೂ, ರಾತ್ರಿ ಊಟ, ಬೆಳಿಗ್ಗೆ ಅವಲಕ್ಕಿ, ಚಹಾ. ಮೊದಲ ಸಲ ಹೋಗುವವರಿಗೆ, ನಾಯಿ ಇಲ್ಲದವರಿಗೆ ಇದು ಸಾಕು. ನಾಯಿ ಇದ್ದರೆ ಬೇಡ. ಟೆಂಟುಗಳು ಒತ್ತೊತ್ತಾಗಿರುತ್ತವೆ, ಸ್ಪೀಕರ್ ತಡರಾತ್ರಿಯವರೆಗೂ ಹಾಡುತ್ತದೆ, ನೆಲದ ಮೇಲೆಲ್ಲ ಕೋಳಿ ಎಲುಬು ಬಿದ್ದಿರುತ್ತದೆ. ಬೇಯಿಸಿದ ಎಲುಬು ಚೂಪಾಗಿ ಸೀಳಿ ಗಂಟಲು, ಕರುಳಿಗೆ ಚುಚ್ಚುತ್ತದೆ. ಆರಿದಂತೆ ಕಾಣುವ ಇದ್ದಿಲಿನ ಬೂದಿಯೊಳಗೆ ಬೆಳಗಿನ ಜಾವದವರೆಗೂ ಕೆಂಡ ಇರುತ್ತದೆ. ನಾಯಿಯ ಅಂಗಾಲು ಸುಡುವುದು ಅಲ್ಲೇ. ‘ಪೆಟ್ ಫ್ರೆಂಡ್ಲಿ’ ಎಂದು ಬರೆದಿದ್ದರೆ ನಾಯಿ ರಾತ್ರಿ ಟೆಂಟಿನ ಒಳಗೆ ಮಲಗಬಹುದೇ ಎಂದು ಫೋನಿನಲ್ಲೇ ಕೇಳಿ. ‘ಹೊರಗೆ ಕಟ್ಟಿ’ ಎಂದರೆ ಆ ಜಾಗ ಬಿಟ್ಟುಬಿಡಿ. ಮಾವಳ, ಮುಳಶಿ ತಾಲ್ಲೂಕುಗಳ ಗುಡ್ಡಗಳಲ್ಲಿ ಚಿರತೆಗಳಿವೆ, ಕಟ್ಟಿದ ನಾಯಿ ಅವಕ್ಕೆ ಸುಲಭದ ತುತ್ತು.

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ನಮ್ಮ ಮೊದಲ ಆಯ್ಕೆ ಸ್ವಂತ ಟೆಂಟ್. ಜಾಗ ಹಿಡಿಯುವ ಮೊದಲು ಹೊಲದ ಮಾಲೀಕರನ್ನು ಮರಾಠಿಯಲ್ಲಿ ಒಂದೇ ಪ್ರಶ್ನೆ ಕೇಳಿ: ‘ಪಾಣೀ ಕುಠಪರ್ಯಂತ ಯೇತ?’ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ಅವರು ಕೈ ತೋರಿಸಿದ ಗೆರೆಯಿಂದ ಮೇಲೆ, ನೀರಿಗೆ ಕನಿಷ್ಠ 30 ಹೆಜ್ಜೆ ಬಿಟ್ಟು ಟೆಂಟ್ ಹಾಕಿ. ಫೋಟೊ ಅಷ್ಟು ಚೆಂದ ಬರುವುದಿಲ್ಲ, ನಿಜ. ಆದರೆ ಈ ನೀರಿನಡಿ ಮುಳುಗಿರುವುದು ಹಳೆಯ ಹೊಲಗದ್ದೆಗಳು. ಬದುಗಳು ಮೆಟ್ಟಿಲಿನಂತೆ ಕೆಳಗಿಳಿಯುತ್ತವೆ. ಮೊಣಕಾಲುದ್ದ ಇದ್ದ ನೀರು ಮುಂದಿನ ಹೆಜ್ಜೆಗೆ ಮಗುವಿನ ತಲೆ ಮುಳುಗಿಸುತ್ತದೆ. ಲೈಫ್ ಜಾಕೆಟ್ ಮಗುವಿನ ತೂಕಕ್ಕೆ ಹೊಂದಬೇಕು, ತೊಡೆಗಳ ನಡುವಿನ ಪಟ್ಟಿ ಇರಲೇಬೇಕು. ಅದಿಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಕಿವಿಯವರೆಗೆ ಏರಿ ಮಗು ಕೆಳಗೆ ಜಾರುತ್ತದೆ. ನಾಯಿಯ ಜಾಕೆಟ್ಟಿಗೆ ಬೆನ್ನ ಮೇಲೆ ಹಿಡಿ ಇರಲಿ. ಕೆಸರಿನಲ್ಲಿ ಹೂತ ನಾಯಿಯನ್ನು ಎತ್ತಲು ಬೇರೆ ದಾರಿಯಿಲ್ಲ.

ಇಬ್ಬರು ದೊಡ್ಡವರು, ಒಂದು ಮಗು, ಒಂದು ನಾಯಿ ಎಂದರೆ ‘4 ಜನರ ಟೆಂಟ್’ ಬೇಕು. ‘3 ಜನರ’ದ್ದು ಸಾಲದು. ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟಗಳನ್ನು ಮನೆಯಲ್ಲೇ ಬಿಡಿ. ಅಕ್ಟೋಬರಿನ ಮೆತ್ತನೆ ಮಣ್ಣಿನಿಂದ ಅವು ಕಿತ್ತುಬರುತ್ತವೆ, ಫೆಬ್ರವರಿಯ ಗಟ್ಟಿ ಮುರ್ರಮ್ಮಿನಲ್ಲಿ (ಗರಸು ಮಣ್ಣಿನಲ್ಲಿ) ಬಗ್ಗುತ್ತವೆ. 20–25 ಸೆಂ.ಮೀ. ಉದ್ದದ ಉಕ್ಕಿನ ಗೂಟ, ತಲೆ ಟೆಂಟಿನಿಂದ ಹೊರಕ್ಕೆ ವಾಲುವಂತೆ, ಓರೆಯಾಗಿ ಹೊಡೆದರೆ ನಿಲ್ಲುತ್ತದೆ. ನಾಯಿಯ ಉಗುರಿಗೆ ಗಾಳಿ ಹಾಸಿಗೆ ಒಂದು ರಾತ್ರಿಯೂ ಬಾಳುವುದಿಲ್ಲ. 10–12 ಮಿ.ಮೀ. ಫೋಮ್ ಚಾಪೆ, ಅದರ ಮೇಲೆ ಹಳೆಯ ಜಮಖಾನ ಹಾಸಿದರೆ ಟೆಂಟಿನ ತಳವೂ ಉಳಿಯುತ್ತದೆ, ನೆಲದ ಥಂಡಿಯೂ ಏರುವುದಿಲ್ಲ. ಬೆಳಿಗ್ಗೆ ಒಳಗೆ ಹನಿ ತೊಟ್ಟಿಕ್ಕಿದರೆ ಟೆಂಟ್ ಸೋರಿತೆಂದು ದೂರುವವರೇ ಹೆಚ್ಚು. ಅದು ಉಸಿರಿನ ತೇವ. ಚಳಿಗೆ ಹೆದರಿ ಕಿಂಡಿಗಳನ್ನೆಲ್ಲ ಮುಚ್ಚಿದ್ದೇ ಕಾರಣ. ಎದುರುಬದುರಿನ ಎರಡು ಕಿಂಡಿ ತೆರೆದಿರಲಿ. ಅಡುಗೆಯ ಗೊಡವೆ ಬೇಡವೆನ್ನುವವರಿಗೆ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರಿನ ಬುತ್ತಿ ಇದ್ದರೆ ಒಲೆಯೇ ಬೇಕಿಲ್ಲ.

ಇನ್ನು ಕ್ಯಾರವಾನ್. ಊರಿಂದ ಅಜ್ಜಿ-ತಾತ ಬಂದಿದ್ದರೆ, ಕೈಗೂಸು ಇದ್ದರೆ, ಇಲ್ಲವೇ ಮಾರ್ಚ್ ದಾಟಿದ್ದರೆ ಇದೇ ಸರಿ. ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಹುಲ್ಲಿನಲ್ಲಿ ಶೌಚಾಲಯ ಹುಡುಕುವುದು ತಪ್ಪುತ್ತದೆ, ನಾಯಿ ಭದ್ರವಾಗಿ ಒಳಗಿರುತ್ತದೆ, ಏಪ್ರಿಲ್-ಮೇ ತಿಂಗಳ ಗುಡುಗುಮಳೆಯ ಗಾಳಿಗೆ ಟೆಂಟಿನಂತೆ ಮಗುಚುವುದಿಲ್ಲ. ಕೈಕೊಡುವುದು ಮೂರು ಕಡೆ: ದಾರಿ, ವಿದ್ಯುತ್, ಶೌಚದ ತೊಟ್ಟಿ.

ಮುಂಬಯಿಯಿಂದ ಬರುವವರು ಲೋಣಾವಳದಿಂದ ದುಧಿವರೆ ಖಿಂಡಿಯ ಘಾಟಿಗೆ ದೊಡ್ಡ ಗಾಡಿ ಹತ್ತಿಸಬೇಡಿ. ಲೋಣಾವಳದಲ್ಲಿ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೆಯ ಹೆದ್ದಾರಿಯಲ್ಲಿ ಕಾಮಶೇತ್‌ಗೆ ಬಂದು ಪವನಾನಗರದ ರಸ್ತೆ ಹಿಡಿಯಿರಿ. ಡಾಂಬರು ಮುಗಿದ ಮೇಲೆ ಇಳಿದು ಮುಂದೆ ನಡೆದು ನೋಡಿ. ಮೇಲೆ ಏಸಿ ಇರುವ ಗಾಡಿ ಮೂರು ಮೀಟರಿನಷ್ಟು ಎತ್ತರ. ಜೋತುಬಿದ್ದ ಕರೆಂಟ್ ತಂತಿ, ಮಾವಿನ ಕೊಂಬೆ ಅಲ್ಲೇ ತಾಗುವುದು. ಹಸಿರು ಹುಲ್ಲು ನೋಡಿ ಮರುಳಾಗಬೇಡಿ, ಅದರ ಕೆಳಗೆ ಮಣ್ಣು ಇನ್ನೂ ಒದ್ದೆ. ಮುರ್ರಮ್ ಹಾಕಿದ ಕಡೆಯೇ ನಿಲ್ಲಿಸಿ.

ವಿದ್ಯುತ್ತಿನ ಲೆಕ್ಕವನ್ನು ಬಾಡಿಗೆಗೆ ಕೊಡುವವರು ಬಿಡಿಸಿ ಹೇಳುವುದಿಲ್ಲ. 12.8 ವೋಲ್ಟಿನ 200 ಆಂಪ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಎರಡೂವರೆ ಯೂನಿಟ್ ಇರುತ್ತದೆ, ಬಳಕೆಗೆ ಸಿಗುವುದು ಸುಮಾರು ಎರಡು. ದೀಪ, ಫ್ಯಾನ್, ಸಣ್ಣ ಫ್ರಿಜ್‌ಗೆ ರಾತ್ರಿಯಿಡೀ ಒಂದು ಯೂನಿಟ್ ಸಾಕು. ಒಂದು ಟನ್ ಏಸಿ ಹಾಕಿದರೆ ಎರಡೇ ಗಂಟೆಯಲ್ಲಿ ಮುಗಿಯಿತು. ಹಾಗಾಗಿ ಕ್ಯಾಂಪಿನ ಕರೆಂಟ್ ಬೇಕೇ ಬೇಕು. ಅವರು ಕೊಡುವುದು ಹೆಚ್ಚಾಗಿ 1 ಚದರ ಮಿ.ಮೀ. ತೆಳು ವೈರು. 50 ಮೀಟರ್ ಎಳೆದರೆ ಹೋಗಿಬರುವ ದಾರಿಯ ಪ್ರತಿರೋಧ ಸುಮಾರು 1.7 ಓಮ್. ಏಸಿ ಶುರುವಾಗುವಾಗ 25 ಆಂಪಿಯರ್ ಎಳೆದರೆ 40 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಬೀಳುತ್ತದೆ, ಕಂಪ್ರೆಸರ್ ಗುರ್ ಎಂದು ನಿಂತುಬಿಡುತ್ತದೆ. ವೈರು ಬಿಸಿಯಾಗುವುದು ಬೇರೆ. 2.5 ಚದರ ಮಿ.ಮೀ. ತಾಮ್ರದ, 16 ಆಂಪಿಯರ್ ಪ್ಲಗ್ಗಿನ ವೈರು ನೀವೇ ಒಯ್ಯಿರಿ. ಸುರುಳಿಯಲ್ಲಿ ಸುತ್ತಿಟ್ಟು ಬಳಸಬೇಡಿ, ಪೂರ್ತಿ ಬಿಚ್ಚಿ.

ನೂರು ಲೀಟರ್ ನೀರು ನಾಲ್ವರಿಗೆ ಒಂದು ದಿನ. ಕೆಸರಾದ ನಾಯಿಯನ್ನು ತೊಳೆಯಲು ಅದರಿಂದ ತೆಗೆಯಬೇಡಿ, ಬೇರೆ 20 ಲೀಟರ್ ಕ್ಯಾನ್ ಇಡಿ. 20 ಲೀಟರಿನ ಕ್ಯಾಸೆಟ್ ಶೌಚ (ಹೊರಗೆಳೆದು ಖಾಲಿ ಮಾಡುವ ತೊಟ್ಟಿ) ಒಂದೂವರೆ ದಿನದಲ್ಲಿ ತುಂಬುತ್ತದೆ. ಮಹಾರಾಷ್ಟ್ರ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿದ್ದರೂ ಈ ತೊಟ್ಟಿಯನ್ನು ಖಾಲಿ ಮಾಡಲು ತಕ್ಕ ಜಾಗ ನಮಗೆ ಸುಲಭವಾಗಿ ಸಿಕ್ಕಿಲ್ಲ. ಕ್ಯಾಂಪಿನ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ ತೆಗೆದುಕೊಡುತ್ತಾರೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ. ಪೊದೆಗೆ ಸುರಿಯುವುದನ್ನು ಕಣ್ಣಾರೆ ಕಂಡಿದ್ದೇವೆ, ಹೊಟ್ಟೆ ಉರಿಯುತ್ತದೆ. ಪುಣೆ ಪಕ್ಕದ ನಿಗಡಿ, ಚಿಂಚವಡದ ನಮ್ಮವರ ಮನೆಯ ನಲ್ಲಿಗೆ ಬರುವುದು ಇದೇ ಪವನಾ ನೀರು.

ಮುಳಶಿ ಬೇರೆಯೇ ಲೋಕ. ಪುಣೆಯ ಚಾಂದಣಿ ಚೌಕದಿಂದ ಪಿರಂಗುಟ್, ಪೌಡ್ ದಾಟಿದರೆ ಸಿಗುವ ಈ ಹಿನ್ನೀರು ಪಶ್ಚಿಮಕ್ಕೆ, ಕೊಂಕಣದ ಭಿರಾ ವಿದ್ಯುದಾಗಾರಕ್ಕೆ ಇಳಿಯುತ್ತದೆ. ಮರದ ನೆರಳು, ಮೌನ ಹೆಚ್ಚು. ನಾಯಿಗೆ ಪವನಾಕ್ಕಿಂತ ಇದೇ ಮೇಲು. ಟೆಂಟಿನ ಜಾಗ ಕಡಿಮೆ, ದಂಡೆ ಕಡಿದು, ಚಿಕ್ಕ ಮಕ್ಕಳಿಗೆ ಅಷ್ಟಕ್ಕಷ್ಟೆ. ಪುಣೆ ಹತ್ತಿರದ ಇನ್ನೊಂದು ಹಿನ್ನೀರು ಪಾನಶೇತ್ ಕೂಡ ಚೆಂದವೇ, ಆದರೆ ಭಾನುವಾರ ಸಂಜೆ ಖಡಕ್ವಾಸ್ಲಾ ಚೌಪಾಟಿಯ ವಾಹನಸಾಲಿನಲ್ಲಿ ಬಿಸಿಯಾದ ಗಾಡಿಯೊಳಗೆ ನಾಯಿಯನ್ನು ಕೂರಿಸಿಕೊಂಡು ಕಾಯುವುದು ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲ್ಲಿಯೂ ಬೇಡ. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟೆಯ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು.

ನಾಯಿಗೆ ಇಲಿಜ್ವರದ ಲಸಿಕೆ ವರ್ಷಕ್ಕೊಮ್ಮೆ. ಮೊದಲ ಸಲವಾದರೆ ಎರಡು ಡೋಸ್ ಬೇಕು, ನಡುವೆ 2–4 ವಾರ ಅಂತರ, ಆದ್ದರಿಂದ ತಯಾರಿ ತಿಂಗಳಿಗೂ ಮೊದಲೇ ಶುರುವಾಗಲಿ. ಮಳೆ ನಿಂತ ಮೇಲಿನ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿ ವಿಪರೀತ, ಹೊರಡುವ ಮೊದಲು ವೈದ್ಯರನ್ನು ಕೇಳಿ ಉಣ್ಣಿ ಮಾತ್ರೆ ಕೊಡಿ. ಬೇಸಿಗೆಯಲ್ಲಿ ನಿಂತ ನೀರು ಹಸಿರು ಪೇಂಟಿನಂತೆ ಕಂಡರೆ ಅದು ವಿಷಕಾರಿ ಪಾಚಿಯಿರಬಹುದು. ಕುಡಿಯಲು ಬಿಡಬೇಡಿ, ಇಳಿದಿದ್ದರೆ ಮೈ ನೆಕ್ಕುವ ಮೊದಲೇ ತೊಳೆಯಿರಿ. ಮನೆಗೆ ಬಂದ ರಾತ್ರಿಯೇ ಕಿವಿಯ ಒಳಮಡಿಕೆ, ಬೆರಳ ಸಂದು, ಮುಂಗಾಲಿನ ಕಂಕುಳನ್ನು ಬೆರಳಾಡಿಸಿ ನೋಡಿ. ಉಣ್ಣಿ ಸಿಕ್ಕರೆ ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಚ್ಚಬೇಡಿ.