ಸೆಕೆಂಡ್ ಹ್ಯಾಂಡ್ ರೋಲರ್ ಮಿಲ್ ತಗೊಳ್ಳೋರೇ, ಟ್ರಯಲ್‌ಗೆ ಗೋಧಿ ನೀವೇ ತಗೊಂಡ್ಹೋಗಿ

ಗೋಧಿನ ಜೋಡಿ ರೋಲುಗಳ ನಡುವೆ ಬೀಸೋ ಹಳೇ ರೋಲರ್ ಮಿಲ್ ಮಾರೋ ಡೀಲರ್‌ಗಳು ಬನ್ನಿ ಓಡಿಸಿ ತೋರಿಸ್ತೀವಿ ಅಂತ ಕರೀತಾರಲ್ಲ, ಆ ಟ್ರಯಲ್ ನೋಡಿ ಅಡ್ವಾನ್ಸ್ ಕೊಡಬೇಡಿ. ನಾನು ಕೆಲಸ ಮಾಡೋ ಮಿಲ್ಲಿಗೆ ಹಿಂಗೇ ಒಂದು ಸೆಟ್ ಬಂತು, ಕಾಳು ಸೀಳೋ ಬ್ರೇಕ್ ಸ್ಟ್ಯಾಂಡು, ತಿರುಳನ್ನ ಹಿಟ್ಟು ಮಾಡೋ ರಿಡಕ್ಷನ್ ಸ್ಟ್ಯಾಂಡು, ಜೊತೆಗೊಂದು ಪ್ಲಾನ್‌ಸಿಫ್ಟರ್, ಅಂದ್ರೆ ಜರಡಿ ಹಿಡಿಯೋ ಮಿಷನ್. ಹೊಸ ಪೇಂಟ್ ಫಳಫಳ ಅಂತಿತ್ತು. ಡೀಲರ್ ಗೋಡೌನಲ್ಲಿ ಹಿಟ್ಟು ಬೆಳ್ಳಗೆ ಬಿತ್ತು, ಹೊಟ್ಟು ಅಗಲ ಅಗಲ ಚಕ್ಕೆಯಾಗಿ ಬೇರೆ ಆಯ್ತು, ಮಾಲೀಕರು ಅಲ್ಲೇ ಮಾತು ಮುಗಿಸಿ ಬಂದ್ರು.

ನಮ್ಮಲ್ಲಿ ಕೂರಿಸಿ ನಮ್ಮ ಗಟ್ಟಿ ಗೋಧಿ ಬಿಟ್ಟ ಮೇಲೆ ಬಣ್ಣ ಬಯಲಾಯ್ತು. ಹಿಟ್ಟು ಮಂಕು, ತುಂಬಾ ಹೊಟ್ಟಿನ ಚುಕ್ಕೆ, ಫಸ್ಟ್ ಬ್ರೇಕಲ್ಲಿ (ಕಾಳು ಸೀಳೋ ಮೊದಲ ಹಂತ) ಕಾಳು ಸರಿಯಾಗಿ ಬಿಚ್ಕೊಳ್ತಾನೇ ಇಲ್ಲ, ರೋಲ್ ನಡುವಿನ ಗ್ಯಾಪ್ ಟೈಟ್ ಮಾಡಿದ್ರೆ ಹೊಟ್ಟೇ ಪುಡಿಯಾಗಿ ಹಿಟ್ಟಿಗೆ ಸೇರುತ್ತೆ, ರೋಲ್ ಕಾಯುತ್ತೆ, ಮೋಟರ್ ಆಂಪ್ಸ್ ಏರ್ತಾ ಹೋಗುತ್ತೆ. ಡೀಲರ್‌ಗೆ ಫೋನ್ ಮಾಡಿದ್ರೆ ನಿಮ್ಮ ಗೋಧಿನೇ ಸರಿ ಇಲ್ಲ, ಬೀಸೋ ಮೊದಲು ಗೋಧಿಗೆ ಇನ್ನೂ ನೀರು ಕೊಡಿ ಅಂದ. ಕೊಟ್ವಿ. ಜರಡಿ ಬಟ್ಟೆ ಮೆತ್ಕೊಂಡು ಪ್ಲಾನ್‌ಸಿಫ್ಟರ್ ಚೋಕ್ ಆಗೋಕೆ ಶುರುವಾಯ್ತು, ಅಷ್ಟೇ ಲಾಭ.

ಆಮೇಲೆ ಗೊತ್ತಾಗಿದ್ದು, ಟ್ರಯಲ್‌ಗೆ ಅವನು ಹಾಕಿದ್ದು ಮೆತ್ತನೆ ಗೋಧಿ, ಅದೂ ಮೊದಲೇ ನೀರು ಕೊಟ್ಟು ಹದವಾಗಿ ಇಟ್ಟಿದ್ದು. ಹದ ಆದ ಗೋಧಿಲಿ ಸಿಪ್ಪೆ ನಾರಿನ ಥರ ಬಾಗುತ್ತೆ, ಒಳಗಿನ ತಿರುಳು ಸಡಿಲ ಆಗಿರುತ್ತೆ, ಸವೆದ ರೋಲಿಗೂ ಅದು ಸುಲಭ. ಗಟ್ಟಿ ಗೋಧಿಗೆ ತೇವಾಂಶ 16 ಪರ್ಸೆಂಟ್ ಹತ್ರ ತಂದು ಹೆಚ್ಚುಕಮ್ಮಿ ಒಂದು ದಿನ ಬಿನ್ನಲ್ಲಿ ಬಿಟ್ರೂ ಬ್ರೇಕ್ ರೋಲಿನ ಹಲ್ಲು ಚೂಪಾಗಿರಲೇಬೇಕು. ಜೊತೆಗೆ ಅವನು ಮಿಷನ್ ಓಡಿಸಿದ್ದು ಸ್ವಲ್ಪ ಹೊತ್ತು ಮಾತ್ರ, ರೋಲ್ ಕಾಯೋಕೆ ಟೈಮೇ ಕೊಡ್ಲಿಲ್ಲ.

ನಾನೇ ಕವರ್ ತೆಗೆದು ನೋಡ್ದೆ. ಹಲ್ಲಿನ ತುದಿ ಪೂರ್ತಿ ದುಂಡಗಾಗಿತ್ತು. ಮೇನ್ ಆಫ್ ಮಾಡಿ ಫ್ಯೂಸ್ ಕಿತ್ತು ನಿಮ್ಮ ಜೇಬಲ್ಲೇ ಇಟ್ಕೊಂಡು ರೋಲ್ ಮೇಲೆ ಅಡ್ಡಡ್ಡ ಉಗುರು ಎಳೆದು ನೋಡಿ, ಚೂಪಿದ್ರೆ ಸಿಕ್ಕಾಕೊಳ್ಳುತ್ತೆ, ನಮ್ಮದು ಜಾರ್ತಾ ಹೋಯ್ತು. ಸರಿ ಹಲ್ಲು ಕೊಯ್ಸೋಣ ಅಂತ ವರ್ಕ್‌ಶಾಪಿಗೆ ಕಳ್ಸಿದ್ರೆ ಇನ್ನೊಂದು ಗುಟ್ಟು ಹೊರಗೆ ಬಂತು. ಈ ರೋಲು ಚಿಲ್ಡ್ (ಹೊರಮೈ ಬೇಗ ತಣಿಸಿ ಗಟ್ಟಿ ಮಾಡಿದ) ಎರಕದ ಕಬ್ಬಿಣ, ಗಟ್ಟಿ ಪದರ ಹೊರಗಡೆ ಇಂತಿಷ್ಟೇ ಇರೋದು, ಪ್ರತಿ ಸಲ ಹಲ್ಲು ಕೊಯ್ದಾಗ್ಲೂ ವ್ಯಾಸ ಇಳಿಯುತ್ತೆ. ಮೂಲ 250 ಎಂಎಂ ರೋಲು, ಅದೆಷ್ಟು ಸಲ ಕೊಯ್ಸಿದ್ರೋ, ಒಂದು ಜೊತೆಲಿ ಗಟ್ಟಿ ಪದರನೇ ಉಳಿದಿರಲಿಲ್ಲ, ಇನ್ನೊಂದು ಜೊತೆಲಿ ಎರಡು ರೋಲಿನ ವ್ಯಾಸನೇ ಬೇರೆ ಬೇರೆ. ಕ್ಯಾಲಿಪರ್ ತಗೊಂಡು ಹೋಗಿ, ಎರಡು ತುದಿ ಮತ್ತೆ ಮಧ್ಯ ಅಳೀರಿ, ಅಳೆಯೋದು ಬೇಡ ಅಂತ ಡೀಲರ್ ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಡಿಫರೆನ್ಷಿಯಲ್ ಡ್ರೈವ್ ಯಾರೂ ನೋಡಲ್ಲ, ನನಗೆ ಅದೇ ಸಿಟ್ಟು. ಬ್ರೇಕಲ್ಲಿ ಒಂದು ರೋಲು ಇನ್ನೊಂದಕ್ಕಿಂತ ಸುಮಾರು ಎರಡೂವರೆ ಪಟ್ಟು ಜೋರಾಗಿ ತಿರುಗಬೇಕು, ಆ ವ್ಯತ್ಯಾಸದಿಂದಲೇ ಕಾಳು ಸೀಳೋದು. ಬೆಲ್ಟ್ ಜಾರ್ತಿದ್ರೆ ಕಾಳು ಬರೀ ಅಪ್ಪಚ್ಚಿ ಆಗುತ್ತೆ. ಟ್ಯಾಕೋಮೀಟರ್ ಹಿಡಿದು ಲೋಡ್ ಇದ್ದಾಗ ಎರಡೂ ಶಾಫ್ಟ್ ಅಳೆಸಿ. ಓಡ್ತಿರೋವಾಗ ರೋಲ್ ಕೆಳಗೆ ಎಡ, ನಡು, ಬಲ ಮೂರೂ ಕಡೆ ಸ್ಯಾಂಪಲ್ ಡಬ್ಬಿಲಿ ಹಿಡೀರಿ (ಕೈ ಒಳಗೆ ಹಾಕಬೇಡಿ ಮಾರಾಯ್ರೆ), ಒಂದು ಕಡೆ ದಪ್ಪ ಒಂದು ಕಡೆ ಸಣ್ಣ ಬಂದ್ರೆ ರೋಲ್ ಸಮಾನಾಂತರ ಇಲ್ಲ ಅಥವಾ ಬೇರಿಂಗ್ ಹೋಗಿದೆ ಅಂತ.

ಪ್ಲಾನ್‌ಸಿಫ್ಟರ್ ಮರದ ಚೌಕಟ್ಟಿನ ಸಂದಿಲಿ ಹಿಟ್ಟಿನ ಹುಳ ಮನೆ ಮಾಡಿತ್ತು, ಅದು ನಮ್ಮ ಬೇರೆ ಲೈನಿಗೂ ಹಬ್ತು. ಡಸ್ಟ್ ಫಿಲ್ಟರ್ ಸೆಟ್ ಜೊತೆ ಬರಲೇ ಇಲ್ಲ, ಕಿಡಿ ಹಾರದ ಹಾಗೆ ಸ್ಟ್ಯಾಟಿಕ್ ಕರೆಂಟ್ ನೆಲಕ್ಕಿಳಿಸೋ ಅರ್ಥಿಂಗ್ ಪಟ್ಟಿನೂ ಕತ್ತರಿಸಿದ್ರು, ಕೇಳಿದ್ರೆ ಅದೆಲ್ಲ ಎಕ್ಸ್‌ಟ್ರಾ ಅಂತಾನೆ. 1878ರಲ್ಲಿ ಅಮೆರಿಕದ ಮಿನಿಯಾಪೊಲಿಸ್‌ನ ವಾಶ್‌ಬರ್ನ್ ಎ ಮಿಲ್ಲಲ್ಲಿ ಹಿಟ್ಟಿನ ಧೂಳು ಸ್ಫೋಟ ಆಗಿ 18 ಜನ ಸತ್ತಿದ್ರು, ಗಾಳಿಲಿ ತೇಲೋ ಹಿಟ್ಟಿಗೆ ಒಂದು ಕಿಡಿ ಸಾಕು. ಫಿಲ್ಟರ್ ಇಲ್ಲದೆ ಸ್ಟಾರ್ಟ್ ಮಾಡಲ್ಲ ಅಂತ ನಾನು ಹಠ ಹಿಡಿದಿದ್ದಕ್ಕೆ ಮಾಲೀಕರು ಬೇರೆ ಕಡೆಯಿಂದ ಹೊಸದೇ ತರಿಸಿದ್ರು.

ಪೂರ್ತಿ ದುಡ್ಡು ಕೈಗೆ ಬಂದ ದಿನದಿಂದ ಡೀಲರ್ ಫೋನ್ ಎತ್ತಿದ್ರೆ ಎತ್ತಿದ, ಇಲ್ಲಾಂದ್ರೆ ಇಲ್ಲ. ಬಿಲ್ಲಲ್ಲಿ "ಇದ್ದ ಸ್ಥಿತಿಯಲ್ಲಿ" ಅಂತ ಸಣ್ಣಕ್ಷರದಲ್ಲಿ ಬರೆದಿದ್ದನಂತೆ, ವಕೀಲರು ಅದನ್ನೇ ತೋರ್ಸಿ ಕೈ ಚೆಲ್ಲಿದ್ರು. ರೋಲ್ ವ್ಯಾಸ, ಹಲ್ಲು, ಬೇರಿಂಗ್, ಫಿಲ್ಟರ್ ಎಲ್ಲಾ ಬಿಲ್ಲಲ್ಲೇ ಬರೆಸ್ಕೊಳ್ಳಿ, ನಿಮ್ಮಲ್ಲಿ ಕೂರಿಸಿ ನಿಮ್ಮ ಗೋಧಿಲಿ ಇಡೀ ಶಿಫ್ಟ್ ಓಡೋ ತನಕ ಒಂದಿಷ್ಟು ದುಡ್ಡು ಹಿಡ್ಕೊಳ್ಳಿ. ಅದಕ್ಕೆ ಒಪ್ಪದ ಡೀಲರ್ ಹತ್ರ ವ್ಯವಹಾರನೇ ಬೇಡ.