ಎಕ್ಸ್‌ಟರ್ನಲ್ ಹಾರ್ಡ್ ಡ್ರೈವಿಂದ ಗೇಮ್ ಆಡೋದು ಹೇಗಿದೆ
ಲ್ಯಾಪ್‌ಟಾಪಲ್ಲಿ ಜಾಗ ಸಾಲ್ತಿಲ್ಲ ಅಂತ 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡ್ರೈವ್ ತಗೊಂಡು ಗೇಮ್ಸ್ ಎಲ್ಲಾ ಅದಕ್ಕೇ ಹಾಕಿದೀನಿ, ಆರಾಮಾಗಿ ಓಡ್ತವೆ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಬರತ್ತೆ ಅನ್ನೋದು) ಅಷ್ಟಾಗಿ ಕಮ್ಮಿ ಆಗಲ್ಲ, ಅದು ಗ್ರಾಫಿಕ್ಸ್ ಕಾರ್ಡ್ ಕೆಲ್ಸ. ಆದ್ರೆ ಲೋಡಿಂಗ್ ನಿಧಾನ, ಎಲ್ಲಿ ಬೇಕಾದ್ರೂ ಸುತ್ತಾಡೋ ಓಪನ್ ವರ್ಲ್ಡ್ ಗೇಮಲ್ಲಿ ಕಾರು ಜೋರಾಗಿ ಓಡಿಸಿದ್ರೆ ಎದುರಿನ ಬಿಲ್ಡಿಂಗ್‌ಗಳು ಮೊದ್ಲು ಮಸುಕಾಗಿ ಬಂದು ಆಮೇಲೆ ಕ್ಲಿಯರ್ ಆಗ್ತವೆ, ಒಂದೊಂದ್ಸಲ ಅರೆಕ್ಷಣ ಪೂರ್ತಿ ನಿಂತೇಬಿಡತ್ತೆ. ಯುಎಸ್‌ಬಿ 3.0 ಪೋರ್ಟಿಗೇ ಹಾಕಿ, 2.0ಗೆ ಸೆಕೆಂಡಿಗೆ 480 ಮೆಗಾಬಿಟ್ಟೇ ಲಿಮಿಟ್, ಕಾದೂ ಕಾದೂ ಸಾಕಾಗತ್ತೆ. ಗೇಮ್ ಕೊಂಡು ಆಡೋ ಆ್ಯಪ್ ಸ್ಟೀಮ್‌ನ ಸ್ಟೋರೇಜ್ ಸೆಟ್ಟಿಂಗಲ್ಲಿ ಡ್ರೈವ್ ಸೇರಿಸಿದ್ರೆ ಗೇಮ್ ಮತ್ತೆ ಡೌನ್‌ಲೋಡ್ ಮಾಡ್ದೆ ಮೂವ್ ಮಾಡ್ಬಹುದು, ಇದಂತೂ ನಂಗೆ ತುಂಬಾ ಇಷ್ಟ ಆಯ್ತು. ಆಡ್ತಿರುವಾಗ ಕೇಬಲ್ ಅಲ್ಲಾಡಿದ್ರೆ ಗೇಮ್ ಕ್ರ್ಯಾಶ್, ಹುಷಾರು. ಹಳೇ ಗೇಮ್‌ಗಳಿಗೆ ಇದು ಧಾರಾಳ ಸಾಕು, ಹೊಸಾ ದೊಡ್ಡ ಗೇಮ್ ಆಡೋರು ಹಾರ್ಡ್ ಡ್ರೈವಿಗಿಂತ ಫಾಸ್ಟಾಗಿರೋ ಎಸ್‌ಎಸ್‌ಡಿನೇ ತಗೊಳ್ಳಿ.